ಎಷ್ಟು ದುಡ್ಡು ಬೇಕಾಗುತ್ತಕ್ಕ?

ಹೋದ ತಿಂಗಳು ಪಕ್ಕದೂರಿನಿಂದ ಐದು ಜನ ಹೆಣ್ಣುಮಕ್ಕಳು ನಮ್ಮ ಡೈರಿಗೆ ಬಂದಿದ್ದರು. ಬೆಳಗಿನ ಹಾಲು ಮುಗಿದಿತ್ತು. ನೆಲ ತೊಳೆದು ನಾನು ರಿಜಿಸ್ಟರ್ ಬರೆಯುತ್ತಾ ಕೂತಿದ್ದೆ. ಅವರೂರಲ್ಲೂ ಒಂದು ಮಹಿಳಾ ಹಾಲು ಉತ್ಪಾದಕರ ಸಂಘ ಮಾಡಬೇಕಂತೆ. ನೀರು ಕೊಟ್ಟು ಕೂರಿಸಿದೆ. ಅವರಲ್ಲಿ ಹಿರಿಯಾಕೆ ಕೇಳಿದ ಮೊದಲ ಮಾತೇ ಇದು: “ಎಷ್ಟು ದುಡ್ಡು ಬೇಕಾಗುತ್ತಕ್ಕ?”

ಷೇರು ಇಷ್ಟು, ಪ್ರವೇಶ ಶುಲ್ಕ ಇಷ್ಟು, ಕ್ಯಾನಿಗೆ ಇಷ್ಟು ಅಂತ ಲೆಕ್ಕ ಹೇಳಿದೆ. ಬರೆದುಕೊಂಡು ಹೋದರು. ಅವರು ಹೋದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಇಪ್ಪತ್ತು ವರ್ಷ ಕಾರ್ಯದರ್ಶಿಯಾಗಿ ಈ ಕುರ್ಚಿಯಲ್ಲಿ ಕೂತವಳು ಹೇಳಬೇಕಾದ ಉತ್ತರ ಅದಾಗಿರಲಿಲ್ಲ. ಅವತ್ತು ಹೇಳದೇ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ತಿಪಟೂರು ತಾಲ್ಲೂಕಿನದು, ತೆಂಗಿನ ಸೀಮೆ. ಅಟ್ಟದ ಮೇಲೆ ಕಾಯಿ ಒಣಗಿಸಿ, ಕೊಬ್ಬರಿ ಮಾಡಿ ತಿಪಟೂರು ಮಾರ್ಕೆಟ್ಟಿಗೆ ಹಾಕಿದರೆ ಸಂಸಾರ ಹೇಗೋ ನಡೆಯುತ್ತಿತ್ತು. ನಾನು ಮದುವೆಯಾಗಿ ಬಂದ ಕೆಲವು ವರ್ಷಕ್ಕೆ ನುಸಿ ರೋಗ ಬಂತು. ಕಾಯಿ ಸಣ್ಣಗಾಗಿ, ಮೈಯೆಲ್ಲ ಕಂದುಗಟ್ಟಿ ಉದುರತೊಡಗಿದವು. ಅದರ ಬೆನ್ನಿಗೇ 2001ರಿಂದ ಮೂರು ವರ್ಷ ಬರ. ಬೋರ್‌ವೆಲ್ ಬತ್ತಿತು. ಮನೆಮನೆಯಲ್ಲೂ ಉಳಿದದ್ದು ಒಂದೋ ಎರಡೋ ಸೀಮೆಹಸು, ಮತ್ತೆ ಅದರ ಹಾಲು.

ಹಾಲು ಹಾಕಲು ಊರಲ್ಲಿ ಡೈರಿ ಇರಲಿಲ್ಲ ಅಂತಲ್ಲ, ಹಿಂದೆ ಇತ್ತು. ಒಳ್ಳೇ ಕಟ್ಟಡ. ಅನುದಾನ ಬಂದಿತ್ತು, ಮೊಸಾಯಿಕ್ ನೆಲ ಹಾಕಿಸಿದ್ದರು, ಷಟರ್ ಬಾಗಿಲು, ದೊಡ್ಡ ಬೀರು, ತೂಕದ ಯಂತ್ರ ಎಲ್ಲ ಇದ್ದವು. ನಾಲ್ಕೈದು ವರ್ಷ ನಡೆದು ಮುಚ್ಚಿಹೋಯಿತು. ಯಾರೋ ದುಡ್ಡು ತಿಂದರು ಅಂತ ಊರವರು ಈಗಲೂ ಅಂದುಕೊಂಡಿದ್ದಾರೆ. ಆಮೇಲೆ ನಾನು ಹಳೇ ಕಡತ ತೆಗೆಸಿ ನೋಡಿದೆ. ಯಾರೂ ತಿಂದಿರಲಿಲ್ಲ. ಮುಚ್ಚುವಾಗಲೂ ಸಂಘದ ಖಾತೆಯಲ್ಲಿ ದುಡ್ಡಿತ್ತು.

ಮತ್ಯಾಕೆ ಮುಚ್ಚಿತು? ಅಲ್ಲಿ ಹಾಲು ನೋಡುತ್ತಿರಲಿಲ್ಲ. ಕ್ಯಾನಿಗೆ ಸುರಿಯುವಾಗ ಒಂದು ಸಲ ಕಣ್ಣು ಹಾಯಿಸಿ “ಸರಿ, ಹಾಕಿ” ಅನ್ನುತ್ತಿದ್ದರು. ಎಲ್ಲರಿಗೂ ಲೀಟರಿಗೆ ಒಂದೇ ರೇಟು. ಆದರೆ ಹಳ್ಳಿ ಸಂಘಗಳಿಂದ ಹಾಲು ಕೊಳ್ಳುವ ಒಕ್ಕೂಟದವರು ಇಡೀ ಊರಿನ ಹಾಲನ್ನು ಒಟ್ಟಿಗೆ ಪರೀಕ್ಷೆ ಮಾಡಿ ಫ್ಯಾಟ್ ಎಷ್ಟಿದೆ, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಎಷ್ಟಿದೆ ನೋಡಿ ರೇಟು ಕಟ್ಟುತ್ತಾರೆ. ಒಬ್ಬಳು ಅರ್ಧ ಲೀಟರ್ ನೀರು ಬೆರೆಸಿದರೆ ಆ ನಷ್ಟ ನೂರು ಮನೆಗೆ ಹಂಚಿಹೋಗುತ್ತದೆ, ಲಾಭ ಅವಳೊಬ್ಬಳಿಗೆ. ಗಟ್ಟಿ ಹಾಲು ಹಾಕುವವರು ಮೊದಲು ಬೇಜಾರು ಮಾಡಿಕೊಂಡರು, ಆಮೇಲೆ ತಾವೂ ನೀರು ಬೆರೆಸಿದರು, ಇಲ್ಲವೇ ಹೋಟೆಲಿಗೆ ಕೊಡಲು ಶುರು ಮಾಡಿದರು. ಕೊನೆಗೆ ಉಳಿದದ್ದು ನೀರಿನ ಹಾಲು, ಇಳಿದ ರೇಟು. ಅಧ್ಯಕ್ಷರಾಗಬೇಕು ಅಂತ ಜಗಳ ಆಡಿದವರು ಬಹಳ ಜನ ಇದ್ದರಂತೆ. ಹಾಲು ನೋಡುವ ಕೆಲಸಕ್ಕೆ ಮಾತ್ರ ಒಬ್ಬರೂ ಮುಂದೆ ಬರಲಿಲ್ಲ.

2004ರಲ್ಲಿ ಒಕ್ಕೂಟದ ವಿಸ್ತರಣಾಧಿಕಾರಿ ಊರಿಗೆ ಬಂದು, ಹೆಂಗಸರೇ ಸೇರಿ ಸಂಘ ಮಾಡುವುದಾದರೆ ನಾವು ಜೊತೆಗಿರುತ್ತೇವೆ ಅಂದರು. ಐವತ್ತು ಜನವಾದರೂ ಸೇರಬೇಕು, ಎಷ್ಟು ಹಸು, ಎಷ್ಟು ಹಾಲು ಅಂತ ಮನೆಮನೆಗೆ ಹೋಗಿ ಬರೆದು ತರಬೇಕು ಅಂದರು. ಪಿಯುಸಿ ಓದಿದ ಸೊಸೆ ಊರಲ್ಲಿ ನಾನೊಬ್ಬಳೇ. ಪುಸ್ತಕ ನನ್ನ ಕೈಗೆ ಬಂತು.

ನೂರು ರೂಪಾಯಿ ಷೇರು, ಹತ್ತು ರೂಪಾಯಿ ಪ್ರವೇಶ ಶುಲ್ಕ. ಈಗ ಕೇಳಿದರೆ ಸಣ್ಣ ಮೊತ್ತ. ಆವಾಗ ಲೀಟರ್ ಹಾಲಿಗೆ ಎಂಟೊಂಬತ್ತು ರೂಪಾಯಿ ಸಿಗುತ್ತಿತ್ತು. ಕೆಳಬೀದಿಯ ಒಬ್ಬ ಅಜ್ಜಿ ಮೂರು ಸಲ “ನಾಳೆ ಬಾರವ್ವ” ಅಂದು ಕಳಿಸಿದಳು. ನಾಲ್ಕನೇ ಸಲ ಹೋದಾಗ ಒಳಗೆ ಹೋಗಿ ಹತ್ತರ ನೋಟುಗಳನ್ನು ತಂದು ಒಂದೊಂದಾಗಿ ಎಣಿಸಿ ಕೈಗಿಟ್ಟಳು. ನೋಟಿಗೆಲ್ಲ ಮೆಂತ್ಯದ ವಾಸನೆ. “ಹೋದ ಸಲದ ಡೈರಿ ಥರ ಮಾಡಂಗಿದ್ರೆ ಈಗ್ಲೇ ವಾಪಸ್ ಕೊಟ್ಟುಬುಡು ಕಣವ್ವ” ಅಂದಳು. ಅಂಥ ಹತ್ತರ ನೋಟುಗಳೇ ನಮ್ಮ ಸಂಘದ ಬಂಡವಾಳ. ಐವತ್ಮೂರು ಜನ ಸೇರಿದೆವು.

ತರಬೇತಿಗೆ ಕಳಿಸಿದರು. ಅಲ್ಲಿ ಹಾಲು ಪರೀಕ್ಷೆ ಮಾಡುವುದನ್ನು ಕಲಿಸಿದವರು ವಯಸ್ಸಾದ ಮೇಷ್ಟ್ರು. ಬ್ಯುಟಿರೋಮೀಟರ್ ಅನ್ನುವ ಗಾಜಿನ ಬುಡ್ಡಿಗೆ ಮೊದಲು 10 ಮಿ.ಲೀ. ಗಂಧಕಾಮ್ಲ, ಅದರ ಮೇಲೆ ಗಾಜಿನ ಗೋಡೆ ಹಿಡಿದು ಮೆಲ್ಲಗೆ 10.75 ಮಿ.ಲೀ. ಹಾಲು, ಆಮೇಲೆ 1 ಮಿ.ಲೀ. ಅಮೈಲ್ ಆಲ್ಕೋಹಾಲ್. ಬಿರಡೆ ಹಾಕಿ ಅಲ್ಲಾಡಿಸಿದರೆ ಬುಡ್ಡಿ ಸುಡುವಷ್ಟು ಬಿಸಿಯಾಗುತ್ತದೆ, ಬಟ್ಟೆ ಸುತ್ತಿ ಹಿಡಿಯಬೇಕು. ಬಿಳೀ ಹಾಲು ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತೆಗೆದರೆ ಬುಡ್ಡಿಯ ಕತ್ತಿನಲ್ಲಿ ಜೇನಿನ ಬಣ್ಣದ ಕೊಬ್ಬು ತೇಲಿ ನಿಂತಿರುತ್ತದೆ. ಅದು ಎಷ್ಟು ಗೆರೆ ಇದೆಯೋ ಅಷ್ಟು ಫ್ಯಾಟು. ಒಂದು ಸಣ್ಣ ಗೆರೆ ಅಂದರೆ 0.1.

ಮೇಷ್ಟ್ರು ಬುಡ್ಡಿಯನ್ನು ನನ್ನ ಕೈಗೆ ಕೊಟ್ಟು ಓದಿಸಿದರು. 3.8 ಅಂದೆ. “ಕಣ್ಣಿನ ಮಟ್ಟಕ್ಕೆ ತಂದು ಓದಮ್ಮ” ಅಂದರು. ತಂದೆ. 3.6. “ಈ ಎರಡು ಗೆರೆಯಲ್ಲಿ ಊರು ಹಾಳಾಗುತ್ತೆ, ಊರು ಉದ್ಧಾರವೂ ಆಗುತ್ತೆ. ಗೌಡರ ಮನೆ ಹಾಲಿಗೆ ಬುಡ್ಡಿ ಕೆಳಗೆ ಹಿಡಿದು, ಕೂಲಿಯವಳ ಹಾಲಿಗೆ ಮೇಲೆ ಹಿಡಿದರೆ ಯಾರಿಗೂ ಗೊತ್ತಾಗಲ್ಲ. ನಿಮಗೆ ಮಾತ್ರ ಗೊತ್ತಿರುತ್ತೆ” ಅಂದರು. ಇವತ್ತಿಗೂ ಬುಡ್ಡಿ ಅಂದರೆ ನನಗೆ ಅವರ ಆ ಮಾತೇ ನೆನಪಿಗೆ ಬರುವುದು.

ಅವರೇ ಒಂದು ಸಂಜೆ ಗುಜರಾತಿನ ಖೇಡಾ ಜಿಲ್ಲೆಯ ಕಥೆ ಹೇಳಿದರು. 1946ರಲ್ಲಿ ಅಲ್ಲಿನ ರೈತರು ದಲ್ಲಾಳಿಗಳ ಕಾಟಕ್ಕೆ ಬೇಸತ್ತು ಹಾಲು ಕೊಡುವುದನ್ನೇ ನಿಲ್ಲಿಸಿದ್ದು, ತ್ರಿಭುವನದಾಸ ಪಟೇಲರು ಅವರನ್ನೆಲ್ಲ ಸೇರಿಸಿ ಒಕ್ಕೂಟ ಕಟ್ಟಿದ್ದು, ಶುರುವಿನಲ್ಲಿ ಎರಡೇ ಎರಡು ಹಳ್ಳಿಯ ಸಂಘ, ದಿನಕ್ಕೆ ಸುಮಾರು 250 ಲೀಟರ್ ಹಾಲು ಇದ್ದದ್ದು. ಆ ಒಕ್ಕೂಟವನ್ನು ಬೆಳೆಸಿದ ವರ್ಗೀಸ್ ಕುರಿಯನ್ ಅಲ್ಲಿನ ಆನಂದ್ ಪಟ್ಟಣಕ್ಕೆ ಬಂದದ್ದು ಆಮೇಲೆ, 1949ರಲ್ಲಿ. ಅಮುಲ್ ಅನ್ನುವ ಹೆಸರು ಬಂದದ್ದು ಇನ್ನೂ ಆಮೇಲೆ. ನಮ್ಮ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ಸಹಕಾರ ಸಂಘ ಕಟ್ಟಿದ್ದರು ಅಂತಲೂ ಹೇಳಿದರು. ನಾನು ನೋಟ್‌ಬುಕ್ಕಿನಲ್ಲಿ “250 ಲೀ.” ಅಂತ ಬರೆದು ಅಡಿಗೆರೆ ಎಳೆದುಕೊಂಡೆ. ಯಾಕೆ ಎಳೆದೆನೋ ಆವಾಗ ಗೊತ್ತಿರಲಿಲ್ಲ.

ಊರಿಗೆ ಬಂದು ಸಂಘ ಶುರು ಮಾಡಿದ ದಿನ ಬಂದ ಹಾಲು 38 ಲೀಟರ್.

ಹಳೇ ಕಟ್ಟಡ ವ್ಯಾಜ್ಯದಲ್ಲಿತ್ತು, ನಮಗೆ ಸಿಗಲಿಲ್ಲ. ನಮ್ಮ ಮನೆ ಜಗಲಿಯ ಮೇಲೇ ಒಂದು ಮೇಜು ಹಾಕಿಕೊಂಡೆವು. ಹಾಲಿನ ವ್ಯಾನು ಊರೊಳಗೆ ಬರುತ್ತಿರಲಿಲ್ಲ. ನನ್ನ ಗಂಡ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಎರಡು ಕಿಲೋಮೀಟರ್ ತಳ್ಳಿಕೊಂಡು ಹೋಗಿ ರಸ್ತೆಗೆ ಮುಟ್ಟಿಸುತ್ತಿದ್ದರು. ಮಳೆಗಾಲದಲ್ಲಿ ಚಕ್ರಕ್ಕೆ ಎರೆಮಣ್ಣು ಮೆತ್ತಿಕೊಂಡು ಸೈಕಲ್ ಮುಂದಕ್ಕೆ ಹೋಗುತ್ತಲೇ ಇರಲಿಲ್ಲ.

ಒಂದು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಕ್ಯೂನಲ್ಲಿ ಹದಿನೈದು ಜನ. ನಡುವೆ ನಮ್ಮ ಅತ್ತೆ, ನಮ್ಮನೆ ಹಸುವಿನ ಹಾಲು ಹಿಡಿದುಕೊಂಡು. ಅವರೇ ಕರೆಯುವುದು, ಅವರೇ ತಂದು ಹಾಕುವುದು. ಎಲ್ಲರ ಹಾಲಿಗೂ ಬಿಟ್ಟಂತೆ ಜಾರಿಗೆ ಹಾಲು ಸುರಿದು, ಹಾಲಿನ ಗಟ್ಟಿತನ ತೋರಿಸುವ ಲ್ಯಾಕ್ಟೋಮೀಟರ್ ಬಿಟ್ಟೆ. ಅದು ಮುಳುಗಿ, ಎದ್ದು, ಎರಡು ಸಲ ಕುಣಿದು 24ಕ್ಕೆ ನಿಂತಿತು. ನೀರು ಬೆರೆತಷ್ಟೂ ಡಿಗ್ರಿ ಇಳಿಯುತ್ತದೆ, ನಾವು 28ಕ್ಕಿಂತ ಕೆಳಗೆ ತೆಗೆದುಕೊಳ್ಳುತ್ತಿರಲಿಲ್ಲ.

ಇನ್ನೊಂದು ಸಲ ಬಿಟ್ಟೆ. 24.

ಅತ್ತೆ ಮುಖ ನೋಡಿದೆ. ಅವರು ಜಾರ್ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಹಿಂದೆ ನಿಂತವರೆಲ್ಲ ಸುಮ್ಮನಾದರು. ಎಲ್ಲರಿಗೂ ಗೊತ್ತಾಗಿತ್ತು. ನನ್ನ ಕೈ ನಡುಗಿದ್ದು ನಿಜ. ಬರೆದುಕೊಂಡುಬಿಟ್ಟರೆ ಆಗುತ್ತಿತ್ತು, ಮೂರು ಲೀಟರ್ ಹಾಲು, ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ.

“ಡಿಗ್ರಿ ಬಂದಿಲ್ಲ ಅತ್ತೆ. ಇವತ್ತಿನ ಹಾಲು ತಗೊಳೋಕಾಗಲ್ಲ” ಅಂದೆ.

“ನಮ್ಮನೆ ಜಗಲಿ ಮೇಲೆ ನಿಂತ್ಕೊಂಡು ನಮ್ಮನೆ ಹಾಲು ಬ್ಯಾಡ ಅಂತೀಯೇನಮ್ಮ?” ಅಂದವರೇ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ನನ್ನನ್ನು ಯಾವತ್ತೂ ‘ಏನೇ’ ಅನ್ನುವವರು ಅವತ್ತು ‘ಏನಮ್ಮ’ ಅಂದರು. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಹನ್ನೊಂದು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಮುದ್ದೆ ಬಡಿಸಿದರೆ ತಿನ್ನುತ್ತಿದ್ದರು, ತಟ್ಟೆ ತೊಳೆದಿಟ್ಟು ಎದ್ದು ಹೋಗುತ್ತಿದ್ದರು. ಆ ಹಾಲನ್ನು ಹೆಪ್ಪು ಹಾಕಿದ್ದರು, ಮೊಸರು ತೆಳ್ಳಗೆ ಬಂತು. ಹಾಲು ಕರೆದ ತಂಬಿಗೆ ಗಲಬರಿಸಿದ ನೀರನ್ನೂ ಅದಕ್ಕೇ ಸುರಿಯುವುದು ಅವರ ಅಮ್ಮನ ಕಾಲದಿಂದ ಬಂದ ಅಭ್ಯಾಸ, ಹಾಲಿನಂಶ ದಂಡವಾಗಬಾರದು ಅಂತ. ಅದು ಮೋಸ ಅನ್ನುವ ಯೋಚನೆಯೇ ಅವರಿಗೆ ಇರಲಿಲ್ಲ. ನನಗೆ ಅದು ಆವತ್ತೇ ಗೊತ್ತಿದ್ದರೆ ಸ್ವಲ್ಪ ಮೆತ್ತಗೆ ಹೇಳುತ್ತಿದ್ದೆ. ಹಾಲನ್ನಂತೂ ತೆಗೆದುಕೊಳ್ಳುತ್ತಿರಲಿಲ್ಲ. ಹನ್ನೆರಡನೇ ದಿನ ಬೆಳಿಗ್ಗೆ ಕ್ಯೂನಲ್ಲಿ ಮೊದಲು ಬಂದು ನಿಂತು, “ಬುಡು ಅದೇನೋ ಕಡ್ಡಿನ” ಅಂದರು. 29 ಬಂತು. ಏನೂ ಹೇಳದೆ ಒಳಗೆ ಹೋದರು.

ಆ ಸುದ್ದಿ ಊರೆಲ್ಲ ಹರಡಿತು. ಅದಾದ ಮೇಲೆ ಹಾಲು ತಿರುಗಿಸಿ ಕಳಿಸಿದರೆ ನನ್ನ ಜೊತೆ ಜಗಳಕ್ಕೆ ಬಂದವರು ಕಡಿಮೆ. ವರ್ಷ ತುಂಬುವ ಹೊತ್ತಿಗೆ ದಿನಕ್ಕೆ 160 ಲೀಟರ್, ಮೂರನೇ ವರ್ಷದಲ್ಲಿ ಒಂದು ಸಂಜೆ ಲೆಕ್ಕ ಕೂಡಿದಾಗ ಎರಡು ಹೊತ್ತೂ ಸೇರಿ 250 ದಾಟಿತ್ತು. ತರಬೇತಿಯ ನೋಟ್‌ಬುಕ್ ಹುಡುಕಿ ಆ ಅಡಿಗೆರೆ ಎಳೆದ ಪುಟ ತೆಗೆದು ನೋಡಿದೆ.

ಇನ್ನೊಂದು ಸಂಗತಿ ಬರೆಯಲೇಬೇಕು. 2008ರಲ್ಲಿ ಸರ್ಕಾರ ಸಂಘಕ್ಕೆ ಹಾಕುವ ಹಾಲಿಗೆ ಲೀಟರಿಗೆ ಎರಡು ರೂಪಾಯಿ ಪ್ರೋತ್ಸಾಹಧನ ಕೊಡಲು ಶುರು ಮಾಡಿತು. ನಮ್ಮಂಥವರಿಗೆ ಅದು ಬಹಳ ದೊಡ್ಡದು, ಅದರಿಂದ ಎಷ್ಟೋ ಮನೆಯಲ್ಲಿ ಎರಡನೇ ಹಸು ಬಂತು. ಹಾಗಾಗಿ ದುಡ್ಡು ಮುಖ್ಯವೇ ಅಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆದರೆ ಆ ಎರಡು ರೂಪಾಯಿಯ ಹಿಂದೆಯೇ ಒಬ್ಬ ಹಾಲಿನ ವ್ಯಾಪಾರಿಯೂ ಬಂದ. ಸಂಘ ಇಲ್ಲದ ಊರುಗಳಲ್ಲಿ ಅಗ್ಗಕ್ಕೆ ಹಾಲು ಕೊಳ್ಳುವವನು. ದಿನಕ್ಕೆ ನೂರು ಲೀಟರ್ ನಮ್ಮ ಡೈರಿಗೆ ತಂದು ಹಾಕುತ್ತಾನಂತೆ. ಅದನ್ನು ನಮ್ಮ ಸದಸ್ಯರ ಹೆಸರಿನಲ್ಲಿ ಐದು, ಹತ್ತು ಲೀಟರ್ ಅಂತ ಹಂಚಿ ಬರೆದುಕೊಳ್ಳಬೇಕಂತೆ. ಬರುವ ಎರಡು ರೂಪಾಯಿಯಲ್ಲಿ ಒಂದು ನನಗೆ.

ದಿನಕ್ಕೆ ನೂರು, ತಿಂಗಳಿಗೆ ಮೂರು ಸಾವಿರ. ಆಗ ನನ್ನ ಸಂಬಳ ಎರಡು ಸಾವಿರವೂ ಇರಲಿಲ್ಲ. ಮಗಳಿಗೆ ಡಿಪ್ಲೊಮಾ ಸೀಟು ಸಿಕ್ಕಿತ್ತು, ಫೀಸಿಗೆ ಒದ್ದಾಡುತ್ತಿದ್ದೆವು. ಹಾಲು ಒಳ್ಳೆಯದೇ, ನಾನೇ ಪರೀಕ್ಷೆ ಮಾಡಿದ್ದೆ, ಫ್ಯಾಟೂ ಇತ್ತು. ಯಾರಿಗೂ ನಷ್ಟವಿಲ್ಲ, ಸಂಘಕ್ಕೂ ವ್ಯವಹಾರ ಜಾಸ್ತಿಯಾಗುತ್ತದೆ ಅಂತ ಅವನು ಹೇಳಿದ್ದರಲ್ಲಿ ಸುಳ್ಳೇನೂ ಕಾಣಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಗಂಡನನ್ನು ಕೇಳಿದೆ. “ಬರೆಯೋಳು ನೀನು” ಅಂದು ಮಗ್ಗುಲಾದರು.

ಬೆಳಿಗ್ಗೆ ರಿಜಿಸ್ಟರ್ ತೆಗೆದು ಯಾವ ಹೆಸರಿನ ಮುಂದೆ ಬರೆಯಬಹುದು ಅಂತ ನೋಡಿದೆ. ನೋಡಿದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ಕೆಳಬೀದಿ ಅಜ್ಜಿಯ ಹೆಸರು ಬಂತು, ಸದಸ್ಯತ್ವದ ನಂಬರ್ 17. ಅವಳದು ಒಂದೇ ಹಸು, ಹೊತ್ತಿಗೆ ಎರಡೂವರೆ ಲೀಟರ್. ಅವಳ ಹೆಸರಿನ ಮುಂದೆ ಏಳೂವರೆ ಅಂತ ಬರೆಯಬೇಕಿತ್ತು. ಓದು ಬಾರದವಳು, ಪಾಸ್‌ಬುಕ್ಕಿನಲ್ಲಿ ನಾನು ಏನು ಬರೆದರೂ ನಂಬಿ ಸೆರಗಿನಲ್ಲಿ ಸುತ್ತಿಕೊಂಡು ಹೋಗುವವಳು. ಪೆನ್ನು ಮುಚ್ಚಿಟ್ಟೆ. ವ್ಯಾಪಾರಿಗೆ ಆಗಲ್ಲ ಅಂದೆ. ನಮ್ಮ ನಿರ್ದೇಶಕರಲ್ಲೇ ಇಬ್ಬರು “ಬರೋ ಲಕ್ಷ್ಮೀನ ಒದ್ದೆಯಲ್ಲ” ಅಂತ ವರ್ಷಗಟ್ಟಲೆ ಅಂದರು. ಚೀಟಿ ಎತ್ತಿ ಮಗಳ ಫೀಸು ಕಟ್ಟಿದೆವು. ಆ ಚೀಟಿ ತೀರಿಸುವ ಹೊತ್ತಿಗೆ ಸಾಕುಸಾಕಾಯಿತು.

2012ರಲ್ಲಿ ಮತ್ತೆ ಬರ. ಹಸಿಮೇವು ಇಲ್ಲ, ಬರೀ ರಾಗಿಹುಲ್ಲು. ಇಡೀ ಊರಿನ ಹಾಲಿನ ಎಸ್‌ಎನ್‌ಎಫ್ 8.5 ಇದ್ದದ್ದು 8.1, 8.2ಕ್ಕೆ ಇಳಿಯಿತು. ರೇಟು ಬಿತ್ತು. “ನೀನೇ ಏನೋ ಮಾಡ್ತಿದ್ದೀಯ” ಅಂತ ಮುಖದ ಮೇಲೇ ಅಂದವರಿದ್ದರು. ಮೂರು ಮನೆಗೆ ಹೋಗಿ, ಅವರ ಕಣ್ಣೆದುರೇ ಕರೆದ ಹಾಲನ್ನು ಬಾಟಲಿಗೆ ತುಂಬಿ ಸೀಲ್ ಮಾಡಿ, ಅವರನ್ನೇ ಜೊತೆಗೆ ಕರೆದುಕೊಂಡು ಒಕ್ಕೂಟದ ಲ್ಯಾಬಿಗೆ ಹೋದೆ. ಅಲ್ಲೂ ಅಷ್ಟೇ ಬಂತು. ಪಶುವೈದ್ಯರು ಬಂದು ನೋಡಿ, ಹಸುವಿನ ಹೊಟ್ಟೆಗೆ ಸರಿಯಾಗಿ ಬೀಳದೆ ಹಾಲಿಗೆ ಎಲ್ಲಿಂದ ಬರಬೇಕು ಅಂದರು. ಖನಿಜ ಮಿಶ್ರಣ ಕೊಡಿ, ಇರುವ ನೀರಿನಲ್ಲೇ ನಾಲ್ಕು ಸಾಲು ಹಸಿಮೇವು ಬೆಳೆಯಿರಿ ಅಂದರು.

ಆ ವರ್ಷದ ಸರ್ವಸದಸ್ಯರ ಸಭೆ ನನಗೆ ಚೆನ್ನಾಗಿ ನೆನಪಿದೆ. ಲಾಭದಲ್ಲಿ ಕಾಲು ಭಾಗ ಆಪದ್ಧನ ನಿಧಿಗೆ ಹೋದ ಮೇಲೂ ಕಟ್ಟಡಕ್ಕೆ ಅಂತ ವರ್ಷವರ್ಷವೂ ಎತ್ತಿಟ್ಟ ದುಡ್ಡಿತ್ತು. ಎಂಟು ವರ್ಷದಿಂದ ಜಗಲಿಯ ಮೇಲೇ ಇದ್ದೇವೆ, ಕಟ್ಟಡ ಕಟ್ಟಲೇಬೇಕು ಅಂತ ಅರ್ಧ ಜನ. ನನಗೂ ಆಸೆಯಿತ್ತು, ನಮ್ಮನೆ ಜಗಲಿ ಬಿಡುಗಡೆಯಾಗಲಿ ಅಂತ. ಆಗ ನಮ್ಮ ಅತ್ತೆ ಹಿಂದಿನ ಸಾಲಿನಿಂದ ಎದ್ದು, “ಕಟ್ಟಡ ಹಾಲು ಕೊಡ್ತದಾ?” ಅಂದರು. ಅಷ್ಟೇ ಹೇಳಿ ಕೂತರು. ಸಂಘದಲ್ಲಿ ಎಷ್ಟು ಷೇರಿದ್ದರೂ ಒಬ್ಬರಿಗೆ ಒಂದೇ ಓಟು. ಹತ್ತು ಹಸು ಇದ್ದವರೂ ಒಂದು ಸಲ ಕೈ ಎತ್ತಿದರು, 17ನೇ ನಂಬರಿನ ಅಜ್ಜಿಯೂ ಒಂದು ಸಲ ಕೈ ಎತ್ತಿದಳು. ಕಟ್ಟಡದ ದುಡ್ಡಿನಲ್ಲಿ ಖನಿಜ ಮಿಶ್ರಣ ತರಿಸಿ ಅರ್ಧ ಬೆಲೆಗೆ ಕೊಟ್ಟೆವು, ಮೇವಿನ ಬೀಜ, ಮೇವಿನ ಕಡ್ಡಿ ಹಂಚಿದೆವು. ಎಸ್‌ಎನ್‌ಎಫ್ ಏರಲು ತಿಂಗಳುಗಳೇ ಹಿಡಿದವು. ಸುತ್ತಲಿನ ಊರುಗಳಲ್ಲಿ ಆ ಬೇಸಿಗೆ ಹಸು ಮಾರಿದವರು ಬಹಳ. ನಮ್ಮೂರಲ್ಲಿ ನಾಲ್ಕು ಮನೆಯವರು ಮಾರಿದರು.

ಕಟ್ಟಡ ಆದದ್ದು 2018ರಲ್ಲಿ. ಸಾದಾ ಸಿಮೆಂಟ್ ನೆಲ. ಈಗ ಕಂಪ್ಯೂಟರ್ ಯಂತ್ರ ಬಂದಿದೆ, ಹಾಲು ಇಟ್ಟರೆ ಫ್ಯಾಟು, ಎಸ್‌ಎನ್‌ಎಫ್ ಎಲ್ಲ ಚೀಟಿಯಲ್ಲಿ ಬರುತ್ತದೆ, ದುಡ್ಡು ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ. ದಿನಕ್ಕೆ 640 ಲೀಟರ್ ಹಾಲು. ಲ್ಯಾಕ್ಟೋಮೀಟರನ್ನು ನಾನು ಬಿಟ್ಟಿಲ್ಲ, ಅನುಮಾನ ಬಂದ ಹಾಲಿಗೆ ಮೊದಲು ಅದನ್ನೇ ಬಿಡುವುದು. ಅತ್ತೆ ಈಗಿಲ್ಲ. ಹಳೇ ಡೈರಿಯ ಕಟ್ಟಡ ಹಾಗೇ ಇದೆ, ಷಟರಿಗೆ ತುಕ್ಕು ಹಿಡಿದಿದೆ.

ಪಕ್ಕದೂರಿನವರಿಗೆ ನಾನೇ ಫೋನ್ ಮಾಡಿದೆ. ಅವತ್ತು ಹೇಳಿದ ಲೆಕ್ಕ ಸಾಲದು, ಒಂದು ದಿನ ಬೆಳಿಗ್ಗೆ ಆರಕ್ಕೆ ಬನ್ನಿ, ಹಾಲು ಹಾಕುವ ಹೊತ್ತಿಗೆ ನನ್ನ ಪಕ್ಕದಲ್ಲಿ ನಿಲ್ಲಿ ಅಂದೆ. ಐದು ಜನರಲ್ಲಿ ಮೂವರು ಬಂದರು. ಚಳಿಗೆ ಸ್ವೆಟರಿನ ಮೇಲೆ ಶಾಲು ಹೊದ್ದುಕೊಂಡು ಗೋಡೆಗೆ ಒರಗಿ ನಿಂತಿದ್ದರು. ಅರ್ಧ ಗಂಟೆ ನೋಡಿದ ಮೇಲೆ ಅವರಲ್ಲಿ ಚಿಕ್ಕವಳು, ಇನ್ನೂ ಮೂವತ್ತಾಗಿರದ ಹುಡುಗಿ, “ನಾನೊಂದ್ಸಲ ನೋಡ್ಲಾಕ್ಕ?” ಅಂದಳು. ಜಾರಿಗೆ ಹಾಲು ಸುರಿದು ಲ್ಯಾಕ್ಟೋಮೀಟರ್ ಅವಳ ಕೈಗೆ ಕೊಟ್ಟೆ. ನಿಧಾನಕ್ಕೆ ಬಿಟ್ಟಳು.

“28 ಅಕ್ಕ.”

“ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಮ್ಮ.”

ಶಾಲು ಹಿಂದಕ್ಕೆ ಎಸೆದು ಮೊಣಕಾಲ ಮೇಲೆ ಕೂತು ನೋಡಿದಳು. ಹಾಲು ತಂದಿದ್ದ ಹೆಂಗಸು ಅವಳನ್ನೇ ನೋಡುತ್ತಾ ನಿಂತಿದ್ದಳು. ಹಿಂದೆ ಕ್ಯೂನಲ್ಲಿ ಆರು ಜನ ಕಾಯುತ್ತಿದ್ದರು.

“ಇಲ್ಲಕ್ಕ,” ಅಂದಳು, ದನಿ ತಗ್ಗಿಸಿ. “27.”